ಕಾಡನ್ನು ಓದಿಸಿದ ಆಚಾರ್ಯರು

ಬಸವನಗುಡಿಯಲ್ಲಿ ಬಾಳಿದ ಡಿ.ವಿ. ಗುಂಡಪ್ಪನವರ ಸುಪುತ್ರರಾದ ಬಿ.ಜಿ.ಎಲ್. ಸ್ವಾಮಿಯವರು ಜನಿಸಿದ್ದು ೧೯೧೮ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ, ಸೀತಾಳೆ ಜಾತಿಯ ಸಸ್ಯಗಳ ಭ್ರೂಣರಚನೆಯ ಸಂಶೋಧನೆಯಿಂದ ಹೆಸರಾದರು. ಅನಂತರ ಅಮೆರಿಕದ ಹಾರ್ವರ್ಡಿಗೆ ಹೋಗಿ ಇರ್ವಿಂಗ್ ಬೇಲಿಯವರಲ್ಲಿ ಸಂಶೋಧನೆ ನಡೆಸಿದರು. ಮುಂದೆ ಒಂದು ಸಸ್ಯಕ್ಕೆ ಆ ಗುರುವಿನ ಹೆಸರನ್ನೇ ಇಟ್ಟರು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರೂ ಪ್ರಾಂಶುಪಾಲರೂ ಆಗಿದ್ದ ಅವರು ಪಾಠವನ್ನು ಪ್ರಯೋಗಶಾಲೆಗೆ ಸೀಮಿತಗೊಳಿಸಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಪಶ್ಚಿಮಘಟ್ಟದ ಕಾಡುಗಳನ್ನು ಸುತ್ತಿದರು. ಗಿಡ ಬೇರೂರಿದ ನೆಲ, ಮೇಲೆ ಕವಿದ ನೆರಳು, ಆಸರೆಯಾದ ಮರ, ನೆರೆಯ ಬಳ್ಳಿ ಇವು ಕಣ್ಣಿಗೆ ಬೀಳುವುದು ಅಲ್ಲಿಯೇ. ಒಣಗಿಸಿ ಕಾಗದಕ್ಕೆ ಅಂಟಿಸಿದ ಮಾದರಿಯು ಇವನ್ನು ತೋರಿಸಲಾರದು. ಈ ಸಂಚಾರಗಳ ಫಲವಾದ 'ಹಸಿರು ಹೊನ್ನು' ಗ್ರಂಥಕ್ಕೆ ಚಿತ್ರಗಳನ್ನೂ ತಾವೇ ಬರೆದರು. ಅದಕ್ಕೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ೧೯೮೦ರಲ್ಲಿ ಅವರು ತೀರಿಕೊಂಡರು.

ಸ್ವಾಮಿಯವರು ಅರಣ್ಯಾಧಿಕಾರಿಗಳಾಗಿರಲಿಲ್ಲ, ಕಾಡಿಗೆ ಬೇಲಿ ಹಾಕುವ ಅಧಿಕಾರ ಅವರಿಗಿರಲಿಲ್ಲ. ಆದರೆ ಹೆಸರರಿಯದ ಗಿಡ ಅಳಿದರೆ ಮರುಗುವವರು ಯಾರು? ಹೆಸರು ಹಿಡಿದು ಗುರುತಿಸಬಲ್ಲ ಕಣ್ಣುಗಳನ್ನು ಕನ್ನಡಿಗರಿಗೆ ಕೊಟ್ಟುಹೋದರಲ್ಲ, ಕಾಡಿನ ರಕ್ಷಣೆ ಮೊದಲಾಗುವುದು ಅಲ್ಲಿಂದಲೇ.