ಮಾರಿಸ್ ಫ್ರ್ಯಾಂಕ್ ಮತ್ತು ಎರಡನೇ ನಾಯಿ

ನನ್ನ ಅಜ್ಜನಿಗೆ ಎರಡೂ ಕಣ್ಣು ಕಾಣಿಸುವುದಿಲ್ಲ. ಏಳನೇ ಕ್ಲಾಸಿನಿಂದ ಪಿಯುಸಿ ಮುಗಿಯುವವರೆಗೆ ನನ್ನ ಹೆಗಲೇ ಅವರ ಊರುಗೋಲು. ಕೊಟ್ಟೂರಿನ ತೇರು, ಹಗರಿಬೊಮ್ಮನಹಳ್ಳಿ ಸಂತೆ, ಹಡಗಲಿಯ ಅತ್ತೆ ಮನೆ, ಎಲ್ಲಿಗೂ ಹೀಗೇ ಹೋಗುತ್ತಿದ್ದೆವು. ನನಗೆ ಬಿ.ಇ. ಸೀಟು ಸಿಕ್ಕಾಗ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ ಫೀಸಿನದಲ್ಲ, ಅಜ್ಜನ ಜೊತೆ ಇನ್ನು ಯಾರು ಎಂಬುದು. ಮಾರಿಸ್ ಫ್ರ್ಯಾಂಕ್ ಬಗ್ಗೆ ಓದಿದ್ದು ಆ ದಿನಗಳಲ್ಲೇ.

ಫ್ರ್ಯಾಂಕ್ ಹುಟ್ಟಿದ್ದು 1908ರಲ್ಲಿ, ಅಮೆರಿಕದ ನ್ಯಾಶ್‌ವಿಲ್‌ನಲ್ಲಿ. ಆರನೇ ವಯಸ್ಸಿಗೆ ಕುದುರೆ ಸವಾರಿಯಲ್ಲಿ ಮರದ ಕೊಂಬೆ ಬಡಿದು ಒಂದು ಕಣ್ಣು ಹೋಯಿತು. ಹದಿನಾರಕ್ಕೆ ಬಾಕ್ಸಿಂಗ್ ಆಡುವಾಗ ಇನ್ನೊಂದು. ಕಾಲೇಜು ಓದುತ್ತಾ ವಿಮೆ ಪಾಲಿಸಿ ಮಾರುತ್ತಿದ್ದ ಈ ಯುವಕ ಹುಡುಗರಿಗೆ ದುಡ್ಡು ಕೊಟ್ಟು ಕೈ ಹಿಡಿಸಿಕೊಂಡು ಓಡಾಡುತ್ತಿದ್ದ. ಆ ಹುಡುಗರಿಗೆ ಬೇಸರ ಬಂದರೆ ಅವನ ದಿನ ಅಲ್ಲಿಗೇ ನಿಂತಿತು. (ನಾನೂ ಎಷ್ಟೋ ಸಲ ಕ್ರಿಕೆಟ್ ಮ್ಯಾಚಿಗಾಗಿ ಅಜ್ಜನನ್ನು ಕಾಯಿಸಿದ್ದೇನೆ.)

1927ರ ನವೆಂಬರ್‌ನಲ್ಲಿ ಡೊರೊತಿ ಯೂಸ್ಟಿಸ್ ಎಂಬಾಕೆ ಬರೆದ ಪತ್ರಿಕಾ ಲೇಖನವೊಂದನ್ನು ಅಪ್ಪ ಅವನಿಗೆ ಓದಿ ಹೇಳಿದರು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ಜರ್ಮನಿಯಲ್ಲಿ ದಾರಿ ತೋರುವ ನಾಯಿಗಳನ್ನು ತಯಾರು ಮಾಡುತ್ತಿದ್ದ ವಿಷಯ ಅದು. ಫ್ರ್ಯಾಂಕ್ ಆಕೆಗೆ ಪತ್ರ ಬರೆದ. ಮರುವರ್ಷ ಸ್ವಿಟ್ಜರ್ಲೆಂಡಿಗೆ ಹೋಗಿ, ಅಲ್ಲಿ ತರಬೇತಾದ ಜರ್ಮನ್ ಶೆಫರ್ಡ್ ಹೆಣ್ಣು ನಾಯಿಯೊಂದಿಗೆ ಮರಳಿದ. ಅದಕ್ಕೆ ಬಡ್ಡಿ ಎಂದು ಹೆಸರಿಟ್ಟ. ನಮ್ಮ ಕಡೆ ಬಡ್ಡಿ ಎಂದರೆ ಸಾಲ ನೆನಪಾಗುತ್ತದೆ, ಅವರಲ್ಲಿ ಗೆಳೆಯ ಅಂತ ಅರ್ಥ. 1928ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಗಿಜಿಗುಡುವ ವೆಸ್ಟ್ ಸ್ಟ್ರೀಟನ್ನು ವರದಿಗಾರರ ಎದುರೇ ದಾಟಿ ತೋರಿಸಿದ. 1929ರ ಜನವರಿಯಲ್ಲಿ ಯೂಸ್ಟಿಸ್ ಜೊತೆ ಸೇರಿ ‘ಸೀಯಿಂಗ್ ಐ’ ಶಾಲೆ ಕಟ್ಟಿದ. ನಾಯಿಯನ್ನು ರೈಲು, ಹೋಟೆಲುಗಳಿಗೆ ಬಿಡಿಸಲು ವರ್ಷಗಟ್ಟಲೆ ಊರೂರು ತಿರುಗಿದ.

ಇಷ್ಟು ಕಥೆ ಎಲ್ಲರೂ ಬರೆಯುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು 1938. ಆ ವರ್ಷ ಮೇ 23ರಂದು ಬಡ್ಡಿ ಸತ್ತಿತು. ಹತ್ತು ವರ್ಷ ಅದರ ಸರಂಜಾಮಿನ ಹಿಡಿ ಫ್ರ್ಯಾಂಕ್‌ನ ಎಡಗೈಯಲ್ಲಿತ್ತು. ಈಗ ಅದೇ ಕೈಗೆ ಇನ್ನೊಂದು ನಾಯಿಯ ಹಿಡಿ ಬರಬೇಕು.

ಹೊಸ ನಾಯಿ ಆರಿಸುವುದು ಬೈಕ್ ಬದಲಿಸಿದಂತಲ್ಲ. ನಾಯಿಗೆ ದಾರಿ ಗೊತ್ತಿರುತ್ತದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ನಿಜಕ್ಕೂ ಎಲ್ಲಿ ತಿರುಗಬೇಕೆಂದು ಹೇಳುವವನು ಮನುಷ್ಯನೇ. ಅಡ್ಡಿ, ಗುಂಡಿ, ವಾಹನ ನೋಡುವುದಷ್ಟೇ ನಾಯಿಯ ಕೆಲಸ. ಮುಂದೆ ಹೋಗು ಎಂದರೂ ಎದುರಿಗೆ ತೆರೆದ ಚರಂಡಿ ಇದ್ದರೆ ಅದು ಹೋಗಬಾರದು. ಮಾತು ಕೇಳದಿರುವ ಈ ಬುದ್ಧಿ ಇಲ್ಲದ ನಾಯಿ ಎಷ್ಟೇ ವಿಧೇಯವಾಗಿದ್ದರೂ ಇಲ್ಲಿ ಫೇಲ್. ಹಾರ್ನ್‌ಗೆ ಬೆದರುವುದು, ಬೀದಿ ನಾಯಿ ಕಂಡರೆ ಎಳೆಯುವುದು ಕೂಡ ನಡೆಯುವುದಿಲ್ಲ. ನಮ್ಮ ಕೂಡ್ಲಿಗಿ, ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಈ ಪರೀಕ್ಷೆ ಇಟ್ಟರೆ ಎಷ್ಟು ಪಾಸಾಗುತ್ತವೋ!

ಆಮೇಲೆ ಜೋಡಿ ಹೊಂದಿಸುವುದು. ಸೀಯಿಂಗ್ ಐನಲ್ಲಿ ಇದಕ್ಕೊಂದು ವಿಧಾನವಿದೆ. ತರಬೇತುದಾರನೇ ಸರಂಜಾಮಿನ ಮುಂದಿನ ತುದಿ ಹಿಡಿದು ನಾಯಿಯ ಪಾತ್ರ ಮಾಡುತ್ತಾನೆ, ಹಿಡಿಯನ್ನು ಹಿಡಿದು ಅಂಧ ವ್ಯಕ್ತಿ ನಡೆಯುತ್ತಾರೆ. ಅವರ ನಡಿಗೆಯ ವೇಗ ಎಷ್ಟು, ಎಷ್ಟು ಎಳೆತ ಹಿತವೆನಿಸುತ್ತದೆ ಎಂದು ಗೊತ್ತಾದ ಮೇಲೆ ಯಾವ ನಾಯಿ ಎಂಬ ನಿರ್ಧಾರ. ಎರಡನೇ ಸಲ ಬಂದವರನ್ನೂ ಹೊಸದಾಗಿ ಅಳೆಯಬೇಕು, ಏಕೆಂದರೆ ನಾಯಿಯ ಜೊತೆ ಅವರಿಗೂ ವಯಸ್ಸಾಗಿರುತ್ತದೆ. ಹಣದ ಲೆಕ್ಕವೂ ಕುತೂಹಲದ್ದು: 1930ರ ದಶಕದಲ್ಲಿ ಮೊದಲ ನಾಯಿಗೆ 150 ಡಾಲರ್, ನಂತರದ ಪ್ರತಿ ನಾಯಿಗೆ 50 ಎಂದು ಗೊತ್ತುಮಾಡಿದರು. ಮತ್ತೆ ಬರುವವರು ಇದ್ದೇ ಇರುತ್ತಾರೆಂದು ಶಾಲೆಗೆ ಆಗಲೇ ತಿಳಿದಿತ್ತು.

ಫ್ರ್ಯಾಂಕ್ ಎರಡನೇ ನಾಯಿಗೂ ಬಡ್ಡಿ ಎಂದೇ ಹೆಸರಿಟ್ಟ, ಅದರ ನಂತರದವಕ್ಕೂ. ಮೊದಮೊದಲು ನನಗಿದು ಸರಿ ಕಾಣಲಿಲ್ಲ. ಪಾಪ, ಹೊಸ ನಾಯಿಗೆ ಅದರದೇ ಒಂದು ಹೆಸರು ಬೇಡವೇ? ಈಗ ಅನಿಸುತ್ತದೆ, ಹೊಸ ಹಿಡಿ ಹಿಡಿದ ಕೈಗೆ ಹಳೆಯ ಹೆಸರಾದರೂ ಬೇಕಿತ್ತೇನೋ. 1956ರಲ್ಲಿ ಶಾಲೆಯಿಂದ ನಿವೃತ್ತನಾದ ಅವನು 1980ರಲ್ಲಿ ತೀರಿಕೊಂಡ.

ನಮ್ಮ ಮನೆಯಲ್ಲಿ ಆಯ್ಕೆಯಾದದ್ದು ತಂಗಿ. ಅವಳದು ಓಡು ನಡಿಗೆ. ಮೊದಲ ವಾರ ಅಜ್ಜ ಎರಡು ಸಲ ಎಡವಿದರಂತೆ. ಫೋನಿನಲ್ಲಿ ನಾನು ಅವಳಿಗೆ ನನ್ನ ಹಾಗೆ ನಡೆ ಎಂದು ಪಾಠ ಮಾಡಿದೆ, ಅವಳು ಕೇಳಲಿಲ್ಲ. ದಸರಾ ರಜೆಗೆ ಊರಿಗೆ ಬಂದು ಬಸ್ ಇಳಿದಾಗ ಇಬ್ಬರೂ ಸ್ಟ್ಯಾಂಡಿಗೆ ಬಂದಿದ್ದರು. ಹೊರಡುವಾಗ ಅಭ್ಯಾಸಬಲದಿಂದ ಅಜ್ಜನ ಮುಂದೆ ಹೋಗಿ ಹೆಗಲು ಕೊಟ್ಟು ನಿಂತೆ. ಅವರ ಕೈ ನನ್ನ ತಲೆ ಸವರಿ, ಪಕ್ಕದಲ್ಲಿದ್ದ ತಂಗಿಯ ಹೆಗಲಿಗೆ ಹೋಯಿತು. ನಾನು ಬ್ಯಾಗ್ ಎತ್ತಿಕೊಂಡು ಹಿಂದೆ ನಡೆದೆ.