ಗೋಪಾಲಕೃಷ್ಣ ಗೋಖಲೆ

ಪುಣೆಯಲ್ಲಿ ಓದುವ ನಮಗೆ ಗೋಖಲೆಯವರ ಹೆಸರು ಹೊಸದಲ್ಲ. 1905ರಲ್ಲಿ ಅವರು ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದುದು ಈ ನಗರದಲ್ಲಿಯೇ. ಆದರೆ ಮಕ್ಕಳ ವಿದ್ಯೆಗಾಗಿ ಅವರು ಪಟ್ಟ ಶ್ರಮವನ್ನು ಅರಿತವರು ವಿರಳ.

ಗೋಖಲೆಯವರು 1866ನೆಯ ಮೇ 9ರಂದು ರತ್ನಾಗಿರಿ ಜಿಲ್ಲೆಯ ಕೋತಳೂಕ ಗ್ರಾಮದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಅಣ್ಣ ಗೋವಿಂದರಾಯರು ಓದನ್ನು ತೊರೆದು ನೌಕರಿಗೆ ಸೇರಿ, ತಮ್ಮ 15 ರೂಪಾಯಿ ಸಂಬಳದಲ್ಲಿ 8 ರೂಪಾಯಿಗಳನ್ನು ತಮ್ಮನ ವಿದ್ಯಾಭ್ಯಾಸಕ್ಕೆ ಕಳುಹುತ್ತಿದ್ದರು. 1884ರಲ್ಲಿ ಪದವೀಧರರಾದ ಗೋಖಲೆಯವರು ಅಲ್ಪ ವೇತನಕ್ಕೆ ಫರ್ಗ್ಯುಸನ್ ಕಾಲೇಜಿನಲ್ಲಿ 1902ರವರೆಗೆ ಅಧ್ಯಾಪಕರಾಗಿದ್ದರು.

ಬಳಿಕ ಅವರು ವೈಸರಾಯರ ಶಾಸನಸಭೆಯನ್ನು ಸೇರಿದರು. ಅಲ್ಲಿ ಸರ್ಕಾರಿ ಅಧಿಕಾರಿಗಳದೇ ಬಹುಮತ. 1909ರ ಸುಧಾರಣೆಯ ಮೇಲೂ ಅದು ಹಾಗೆಯೇ ಉಳಿಯಿತು. ಚರ್ಚೆ ಹೇಗೆಯೇ ನಡೆಯಲಿ, ಸರ್ಕಾರಕ್ಕೆ ಸೋಲಿನ ಭಯವಿರಲಿಲ್ಲ. ಹಾಗೆಂದು ಗೋಖಲೆಯವರು ಸುಮ್ಮನಿರಲಿಲ್ಲ. ಆಯವ್ಯಯದ ಅಂಕಿಗಳನ್ನು ಆಮೂಲಾಗ್ರವಾಗಿ ಅಭ್ಯಸಿಸಿ, ಬಡವರ ಉಪ್ಪಿನ ಮೇಲಣ ತೆರಿಗೆಯನ್ನು ಇಳಿಸಬೇಕೆಂದು 1902ರಲ್ಲಿ ವಾದಿಸಿದರು. 1903ರಲ್ಲಿ ಸರ್ಕಾರವು ಅದನ್ನು ಇಳಿಸಿತು. ಬಲವುಳ್ಳ ಸರ್ಕಾರವು ಮನಸ್ಸು ಮಾಡಿದರೆ ಒಳಿತನ್ನು ಶೀಘ್ರವಾಗಿ ಮಾಡಬಲ್ಲುದೆಂಬುದಕ್ಕೆ ಇದು ಸಾಕ್ಷಿ.

1911ನೆಯ ಮಾರ್ಚ್ 16ರಂದು ಅವರು ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಶಾಲೆಗಳು ಸಾಕಷ್ಟು ಬೆಳೆದಿರುವ ಊರುಗಳಲ್ಲಿ ಮಾತ್ರ, ಸರ್ಕಾರದ ಒಪ್ಪಿಗೆ ಪಡೆದು, ಸ್ಥಳೀಯ ಸಂಸ್ಥೆಗಳು 6ರಿಂದ 10 ವರ್ಷದ ಗಂಡುಮಕ್ಕಳಿಗೆ ಶಿಕ್ಷಣವನ್ನು ಕಡ್ಡಾಯಗೊಳಿಸಬಹುದು. ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ಆದಾಯವುಳ್ಳವರು ಶುಲ್ಕ ಕೊಡಬೇಕಾಗಿಲ್ಲ. ಬೇಡಿಕೆ ಇಷ್ಟೇ. ಬರೋಡ ಸಂಸ್ಥಾನವು 1906ರಲ್ಲಿಯೇ ಶಿಕ್ಷಣವನ್ನು ಕಡ್ಡಾಯಗೊಳಿಸಿತ್ತು. ಆದರೂ 1912ನೆಯ ಮಾರ್ಚ್ 19ರಂದು 13ಕ್ಕೆ ವಿರುದ್ಧವಾಗಿ 38 ಮತಗಳಿಂದ ಮಸೂದೆ ಬಿದ್ದುಹೋಯಿತು. ಪರಿಶೀಲನ ಸಮಿತಿಗೆ ಒಪ್ಪಿಸಲೂ ಸಭೆ ಸಮ್ಮತಿಸಲಿಲ್ಲ. ಶಾಲೆಗಳ ಬಾಗಿಲು ತೆರೆಯಬಹುದಾಗಿದ್ದ ಬಹುಮತವೇ ಅಂದು ಅವುಗಳಿಗೆ ಅಡ್ಡವಾಯಿತು.

ಗೋಖಲೆಯವರು 1915ನೆಯ ಫೆಬ್ರವರಿ 19ರಂದು, ತಮ್ಮ 48ನೆಯ ವಯಸ್ಸಿನಲ್ಲಿ, ಪುಣೆಯಲ್ಲಿ ದಿವಂಗತರಾದರು. ಆದರೆ ಅವರ ಆಶಯ ಅಳಿಯಲಿಲ್ಲ. ಮೈಸೂರು ಸಂಸ್ಥಾನವು 1913ರಲ್ಲಿ, ಮುಂಬಯಿ ಪ್ರಾಂತವು 1918ರಲ್ಲಿ ಕಡ್ಡಾಯ ಶಿಕ್ಷಣದ ಕಾನೂನು ಮಾಡಿದುವು. ಸ್ವತಂತ್ರ ಭಾರತದ 2009ರ ಕಾನೂನಿನಿಂದ 6ರಿಂದ 14 ವರ್ಷದ ಬಾಲಕ ಬಾಲಕಿಯರೆಲ್ಲರಿಗೂ ಉಚಿತ ಶಿಕ್ಷಣವು ಹಕ್ಕಾಯಿತು.

ವಿದ್ಯಾರ್ಥಿಗಳೇ, ಅಂದಿನ ಬಹುಮತವು ನೇಮಕದಿಂದ ಬಂದುದು. ಇಂದಿನದು ಜನರ ಮತದಿಂದ ಬಂದುದು. ಈ ಭೇದ ದೊಡ್ಡದು. ಆದರೆ ಸೋಲುವ ಭಯವಿಲ್ಲದವರಿಗೆ ಕೇಳಿಸಿಕೊಳ್ಳುವ ಅಭ್ಯಾಸ ತಪ್ಪಿಹೋಗುವ ಅಪಾಯವು ಎಂದಿಗೂ ಉಂಟು. ನಾಳೆ ನೀವು ಯಾವುದೇ ಸಭೆಯಲ್ಲಿ ಹೆಚ್ಚಿನವರ ಪಕ್ಷದಲ್ಲಿದ್ದರೆ, ಆ 13 ಮತಗಳನ್ನು ಮರೆಯದಿರಿ. ಕಡಮೆಯವರ ಪಕ್ಷದಲ್ಲಿದ್ದರೆ, ಗೋಖಲೆಯವರಂತೆ ವಿಷಯವನ್ನು ಚೆನ್ನಾಗಿ ಅಭ್ಯಸಿಸಿ ಮಾತನಾಡಿರಿ.