ಆರೋಪಿಯ ಪಕ್ಕದಲ್ಲಿ ನಿಂತ ಆಸಫ್ ಅಲಿ

ಭಗತ್ ಸಿಂಗ್ ಹೆಸರು ಕೇಳದವರು ನಮ್ಮ ಕಾಲೇಜಿನಲ್ಲಿ ಇರಲಿಕ್ಕಿಲ್ಲ. ದೆಹಲಿ ಕೋರ್ಟಿನಲ್ಲಿ ಅವರ ಜೊತೆ ನಿಂತ ವಕೀಲರು ಯಾರು ಎಂದು ಗೆಳೆಯರನ್ನು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಅವರು ಆಸಫ್ ಅಲಿ ಸಾಹೇಬರು.

ಹುಟ್ಟಿದ್ದು 1888ರಲ್ಲಿ, ಉತ್ತರ ಪ್ರದೇಶದ ಬಿಜ್ನೋರ್ ಜಿಲ್ಲೆಯಲ್ಲಿ. ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬಂದರು. ಕಾಂಗ್ರೆಸ್ ಸೇರಿ ಜೈಲಿಗೂ ಹೋದರು. 1928ರಲ್ಲಿ ಅರುಣಾ ಗಂಗೂಲಿಯವರನ್ನು ಮದುವೆಯಾದರು. 1942ರಲ್ಲಿ ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಧ್ವಜ ಹಾರಿಸಿದ ಅರುಣಾ ಆಸಫ್ ಅಲಿ ಇವರೇ.

1929ರ ಏಪ್ರಿಲ್ 8ರಂದು ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಬಾಂಬ್ ಎಸೆದು, ಓಡದೆ ನಿಂತು ಸಿಕ್ಕಿಬಿದ್ದರು. ಆಸಫ್ ಅಲಿ ಗಾಂಧೀಜಿಯ ಹಾದಿಯವರು; ಬಾಂಬ್ ಅವರ ದಾರಿಯಲ್ಲ. ಆದರೂ ದತ್ತರ ಪರ ವಕಾಲತ್ತು ವಹಿಸಿದರು. ಭಗತ್ ಸಿಂಗ್ ತಮ್ಮ ವಾದವನ್ನು ತಾವೇ ಮಾಡಿದರು, ಸಲಹೆ ಮಾತ್ರ ಇವರಿಂದ ಪಡೆದರು.

ತಪ್ಪು ಒಪ್ಪಿಕೊಂಡವನಿಗೆ ಲಾಯರ್ ಯಾಕೆ? ತೆಂಗಿನ ತೋಟದ ಬೇಲಿ ಜಗಳ ಹೊಡೆದಾಟವಾಗಿ ತುರುವೇಕೆರೆ ಕೋರ್ಟಿಗೆ ಹೋದಾಗ ನಮ್ಮ ಸಂಪಿಗೆ ಕಡೆಯೂ ಜನ ಹೀಗೆಯೇ ಕೇಳುತ್ತಾರೆ. ಈ ಕೇಸನ್ನೇ ನೋಡಿ. ಬಾಂಬ್ ಎಸೆದದ್ದು ನಿಜ. ಆದರೆ ಹಾಕಿದ್ದು ಕೊಲೆಯತ್ನದ ಕೇಸು. ಅದಕ್ಕೆ ಕೊಲ್ಲುವ ಉದ್ದೇಶ ಇತ್ತೆಂದು ತೋರಿಸಬೇಕು. ಯಾರನ್ನೂ ಕೊಲ್ಲುವುದು ತಮ್ಮ ಗುರಿಯಾಗಿರಲಿಲ್ಲ ಎಂಬ ಇಬ್ಬರ ಹೇಳಿಕೆಯನ್ನು ಜೂನ್ 6ರಂದು ಆಸಫ್ ಅಲಿ ಸೆಷನ್ಸ್ ಕೋರ್ಟಿನಲ್ಲಿ ಓದಿದರು. ಕೋರ್ಟ್ ಒಪ್ಪಲಿಲ್ಲ, ಇಬ್ಬರಿಗೂ ಜೀವಾವಧಿ ಗಡೀಪಾರು ಶಿಕ್ಷೆಯಾಯಿತು. ಆದರೆ ಆ ಹೇಳಿಕೆ ದಾಖಲೆಯಲ್ಲಿ ಉಳಿಯಿತು, ಇವತ್ತಿಗೂ ಓದಲು ಸಿಗುತ್ತದೆ.

ಮುಂದಿನ ಲಾಹೋರ್ ಕೇಸಿಗೆ ಸರ್ಕಾರ 1930ರಲ್ಲಿ ಸುಗ್ರೀವಾಜ್ಞೆ ಹೊರಡಿಸಿ ವಿಶೇಷ ನ್ಯಾಯಮಂಡಳಿ ಮಾಡಿತು. ಆರೋಪಿಗಳು ಹಾಜರಿಲ್ಲದೆಯೂ ವಿಚಾರಣೆ ನಡೆಯಿತು. ತೀರ್ಪಿನ ಮೇಲೆ ಹೈಕೋರ್ಟಿಗೆ ಅಪೀಲು ಇರಲಿಲ್ಲ. 1931ರ ಮಾರ್ಚ್ 23ರಂದು ಭಗತ್ ಸಿಂಗ್, ರಾಜಗುರು, ಸುಖದೇವ್ ಅವರನ್ನು ಗಲ್ಲಿಗೇರಿಸಿದರು. ಈ ಎರಡು ಕೇಸುಗಳನ್ನು ಒಟ್ಟಿಗೆ ಓದಿದ ಮೇಲೆ ನನಗೆ ವಕೀಲರ ಬಗ್ಗೆ ಇದ್ದ ತಮಾಷೆಯ ಮಾತುಗಳು ರುಚಿಸುತ್ತಿಲ್ಲ.

1942ರಲ್ಲಿ ಆಸಫ್ ಅಲಿಯವರನ್ನು ನೆಹರೂ, ಮೌಲಾನಾ ಆಜಾದ್ ಜೊತೆ ಅಹಮದ್‌ನಗರ ಕೋಟೆಯಲ್ಲಿಟ್ಟರು. 1945ರಲ್ಲಿ ಹೊರಬಂದು ಆಜಾದ್ ಹಿಂದ್ ಫೌಜ್ ರಕ್ಷಣಾ ಸಮಿತಿಯ ಸಂಚಾಲಕರಾದರು. ಕೆಂಪುಕೋಟೆಯಲ್ಲಿ ಶಾ ನವಾಜ್ ಖಾನ್, ಪ್ರೇಮ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಮೇಲೆ ದೊರೆಯ ವಿರುದ್ಧ ಯುದ್ಧ ಸಾರಿದ ಆರೋಪ. ಮುಖ್ಯ ವಾದ ಭೂಲಾಭಾಯಿ ದೇಸಾಯಿಯವರದು. ನೆಹರೂ ಕೂಡ ಬಹಳ ವರ್ಷಗಳ ನಂತರ ಕರಿ ಗೌನು ತೊಟ್ಟರು. ಸೇನಾ ನ್ಯಾಯಾಲಯ ಮೂವರನ್ನೂ ತಪ್ಪಿತಸ್ಥರೆಂದಿತು. ಆದರೆ ಹೊರಗೆ ಎದ್ದ ಜನಾಭಿಪ್ರಾಯಕ್ಕೆ ಮಣಿದು ಸೇನಾ ಮುಖ್ಯಸ್ಥರು 1946ರ ಜನವರಿಯಲ್ಲಿ ಗಡೀಪಾರು ಶಿಕ್ಷೆ ಮನ್ನಾ ಮಾಡಿದರು.

1947ರಲ್ಲಿ ಅಮೆರಿಕಕ್ಕೆ ಭಾರತದ ರಾಯಭಾರಿಯಾಗಿ ಹೋದರು. ಅಲ್ಲಿ ಒಕ್ಕೂಟ ಸರ್ಕಾರದ ಗಂಭೀರ ಕೇಸುಗಳಲ್ಲಿ ಆರೋಪ ಹೊರಿಸಬೇಕೇ ಎಂದು ಮೊದಲು ಸಾಮಾನ್ಯ ನಾಗರಿಕರ ಗ್ರ್ಯಾಂಡ್ ಜ್ಯೂರಿ ಬಾಗಿಲು ಹಾಕಿಕೊಂಡು ತೀರ್ಮಾನಿಸುತ್ತದೆ. ಆ ಕೋಣೆಗೆ ಆರೋಪಿಯ ವಕೀಲರಿಗೆ ಪ್ರವೇಶವಿಲ್ಲ. ನಮ್ಮಲ್ಲಿ ಆರೋಪ ನಿಗದಿ ಮಾಡುವಾಗಲೇ ವಕೀಲರು ವಾದಿಸಬಹುದು. ಬಂಧಿತರಿಗೆ ತಮ್ಮ ಆಯ್ಕೆಯ ವಕೀಲರನ್ನು ಇಟ್ಟುಕೊಳ್ಳುವ ಹಕ್ಕನ್ನು ಸಂವಿಧಾನದ 22ನೇ ವಿಧಿ ಕೊಟ್ಟಿದೆ. ದುಡ್ಡಿಲ್ಲದ ಬಂಧಿತರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಿದರೆ ಉಚಿತವಾಗಿ ವಕೀಲರು ಸಿಗುತ್ತಾರೆ.

ಆಮೇಲೆ ಒಡಿಶಾದ ರಾಜ್ಯಪಾಲರಾದ ಆಸಫ್ ಅಲಿ, ಸ್ವಿಟ್ಜರ್ಲೆಂಡಿನಲ್ಲಿ ಭಾರತದ ಪ್ರತಿನಿಧಿಯಾಗಿದ್ದಾಗಲೇ 1953ರಲ್ಲಿ ಬರ್ನ್ ನಗರದಲ್ಲಿ ತೀರಿಕೊಂಡರು.